ಅಂಕಿಯಿಂದ ಅಕ್ಷರಕ್ಕೆ: ಹಣದ ಮೊತ್ತವನ್ನು ಕನ್ನಡದಲ್ಲಿ ತಪ್ಪಿಲ್ಲದೆ ಬರೆಯುವುದು ಹೇಗೆ?

ರಸೀದಿಯಲ್ಲಿ ‘ನೂರು ರೂಪಾಯಿ ಮಾತ್ರ’ ಎಂದು ಬರೆದಿದ್ದೀರಿ. ಎಡಗಡೆ ಸ್ವಲ್ಪ ಜಾಗ ಉಳಿದಿದೆ. ಆ ಜಾಗದಲ್ಲಿ ಯಾರಾದರೂ ‘ಐ’ ಎಂಬ ಒಂದೇ ಒಂದು ಅಕ್ಷರ ಸೇರಿಸಿದರೆ ಸಾಕು, ಅದು ‘ಐನೂರು ರೂಪಾಯಿ ಮಾತ್ರ’ ಆಗಿಬಿಡುತ್ತದೆ. ‘ಆರು’ ಸೇರಿಸಿದರೆ ಆರುನೂರು. ಮೊತ್ತವನ್ನು ಅಕ್ಷರದಲ್ಲಿ ಬರೆಯುವುದೇ ಅಂಕಿಯನ್ನು ಯಾರೂ ತಿದ್ದಬಾರದು ಎಂಬ ಕಾರಣಕ್ಕೆ. ಆದರೆ ಅಕ್ಷರವನ್ನೂ ಸರಿಯಾಗಿ ಬರೆಯದಿದ್ದರೆ ಆ ಕಾವಲು ಕೆಲಸಕ್ಕೆ ಬರುವುದಿಲ್ಲ.

ನಾನು ಕೆಲವು ವರ್ಷ ಒಂದು ಸಣ್ಣ ಸಂಘದ ಲೆಕ್ಕ ಬರೆಯುತ್ತಿದ್ದೆ. ಒಮ್ಮೆ ಚೆಕ್ಕಿನಲ್ಲಿ ಅಂಕಿಯಲ್ಲಿ 70,000 ಎಂದು ಬರೆದು, ಅಕ್ಷರದಲ್ಲಿ ‘ಇಪ್ಪತ್ತು ಸಾವಿರ’ ಎಂದು ಬರೆದಿದ್ದೆ. ಮನಸ್ಸಿನಲ್ಲಿದ್ದದ್ದು ಎಪ್ಪತ್ತು, ಕೈಯಲ್ಲಿ ಬಂದದ್ದು ಇಪ್ಪತ್ತು. ಸಹಿ ಹಾಕಿದ ಇಬ್ಬರೂ ಅಂಕಿ ನೋಡಿದರು, ಅಕ್ಷರ ಓದಲಿಲ್ಲ. ಚೆಕ್ಕು ವಾಪಸ್ ಬಂತು. ಹಣಕ್ಕಾಗಿ ಕಾಯುತ್ತಿದ್ದವರು ಮತ್ತೆ ಕಾಯಬೇಕಾಯಿತು. ಅಂದಿನಿಂದ ಈ ವಿಷಯದಲ್ಲಿ ನಾನು ತುಂಬಾ ಎಚ್ಚರವಾಗಿದ್ದೇನೆ. ಹಾಗೆ ಕಲಿತದ್ದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತಿದ್ದೇನೆ.

ಅಂಕಿ, ಅಕ್ಷರ ಬೇರೆ ಬೇರೆ ಆದರೆ ಯಾವುದು ನಿಲ್ಲುತ್ತದೆ?

ಅಕ್ಷರವೇ ನಿಲ್ಲುತ್ತದೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತದೆ. ಚೆಕ್ಕು, ಪ್ರಾಮಿಸರಿ ನೋಟು, ಹುಂಡಿಯಂತಹ ಪತ್ರಗಳಲ್ಲಿ ಅಂಕಿಯಲ್ಲಿ ಒಂದು ಮೊತ್ತ, ಅಕ್ಷರದಲ್ಲಿ ಇನ್ನೊಂದು ಮೊತ್ತ ಇದ್ದರೆ, ಅಕ್ಷರದಲ್ಲಿ ಬರೆದದ್ದೇ ಮೊತ್ತ. ಬ್ಯಾಂಕಿನವರು ಅಕ್ಷರದ ಮೊತ್ತವನ್ನು ‘ಲೀಗಲ್ ಅಮೌಂಟ್’ ಎಂದೇ ಕರೆಯುತ್ತಾರೆ. ಆದರೆ ದಿನನಿತ್ಯದ ವ್ಯವಹಾರದಲ್ಲಿ ಎರಡೂ ತಾಳೆಯಾಗದ ಚೆಕ್ಕನ್ನು ಬ್ಯಾಂಕುಗಳು ಸಾಮಾನ್ಯವಾಗಿ ವಾಪಸ್ ಕಳಿಸುತ್ತವೆ. ಹಾಗಾಗಿ ಕಾನೂನು ಅಕ್ಷರದ ಕಡೆ ಇದೆ ಎಂದು ಸುಮ್ಮನಿರುವಂತಿಲ್ಲ.

ಅಂಕಿಯನ್ನು ಏಕೆ ನಂಬುವುದಿಲ್ಲ ಎಂಬುದು ಪೆನ್ನು ಹಿಡಿದು ನೋಡಿದರೆ ತಿಳಿಯುತ್ತದೆ. 1ಕ್ಕೆ ಒಂದು ಗೆರೆ ಸೇರಿಸಿದರೆ 7 ಅಥವಾ 4. 0ಗೆ ಬಾಲ ಎಳೆದರೆ 6 ಅಥವಾ 9. 3ನ್ನು ಮುಚ್ಚಿದರೆ 8. ಕೊನೆಗೆ ಒಂದು ಸೊನ್ನೆ ಇಟ್ಟರೆ ಹತ್ತು ಪಟ್ಟು. ಕನ್ನಡ ಅಂಕಿಗಳೂ ಇದರಿಂದ ಹೊರತಲ್ಲ. ‘೧’ ಕೆಳಗೆ ತೆರೆದಿರುತ್ತದೆ, ಬೇಗ ಬರೆಯುವಾಗ ಮುಚ್ಚಿಕೊಂಡರೆ ‘೦’ ಆಗುತ್ತದೆ. ‘೬’ ಮತ್ತು ‘೯’ ಓದುವವರನ್ನು ಆಗಾಗ ಗೊಂದಲಕ್ಕೆ ತಳ್ಳುತ್ತವೆ.

ಮೊದಲ ಹೆಜ್ಜೆ: ಅಲ್ಪವಿರಾಮ ಹಾಕಿ

ಸಂಖ್ಯೆಯನ್ನು ನೋಡಿದ ಕೂಡಲೇ ಅಕ್ಷರಕ್ಕೆ ಇಳಿಸಲು ಹೋಗಬೇಡಿ. ಮೊದಲು ಅಲ್ಪವಿರಾಮ ಹಾಕಿಕೊಳ್ಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ನಮ್ಮ ಲೆಕ್ಕದಲ್ಲಿ ಬಲಗಡೆಯಿಂದ ಮೂರು ಅಂಕಿ ಎಣಿಸಿ ಮೊದಲ ಅಲ್ಪವಿರಾಮ. ಅಲ್ಲಿಂದ ಮುಂದೆ ಎರಡೆರಡು ಅಂಕಿಗೆ ಒಂದೊಂದು. 30708540 ಎಂಬುದನ್ನು ನೋಡಿದರೆ ಕಣ್ಣು ಕತ್ತಲೆ ಬರುತ್ತದೆ. 3,07,08,540 ಎಂದು ಬರೆದರೆ ತಾನೇ ಮಾತಾಡುತ್ತದೆ. ಎಡಗಡೆಯಿಂದ ಮೊದಲ ಅಲ್ಪವಿರಾಮದ ಜಾಗದಲ್ಲಿ ‘ಕೋಟಿ’ ಎನ್ನಿ, ಎರಡನೆಯದರ ಜಾಗದಲ್ಲಿ ‘ಲಕ್ಷ’, ಮೂರನೆಯದರ ಜಾಗದಲ್ಲಿ ‘ಸಾವಿರ’. ಅಂದರೆ ಒಂದೊಂದು ಅಲ್ಪವಿರಾಮವೂ ಒಂದೊಂದು ಪದ. ಮೂರು ಕೋಟಿ, ಏಳು ಲಕ್ಷ, ಎಂಟು ಸಾವಿರ, ಕೊನೆಗೆ ಐನೂರ ನಲವತ್ತು.

ಲಕ್ಷದ ಲೆಕ್ಕಕ್ಕೆ ಎರಡು ಅಲ್ಪವಿರಾಮ, ಸಾವಿರದ ಲೆಕ್ಕಕ್ಕೆ ಒಂದು. ನೂರರ ಲೆಕ್ಕಕ್ಕೆ ಬೇಡ. ಇಷ್ಟು ನೆನಪಿದ್ದರೆ ಸಾಕು.

ಕಂಪ್ಯೂಟರಿನಲ್ಲಿ ಬಂದ ಪಟ್ಟಿಗಳಲ್ಲಿ ಮಾತ್ರ ಹುಷಾರಾಗಿರಿ. ಕೆಲವು ಸಾಫ್ಟ್‌ವೇರ್‌ಗಳು ಮೂರು ಮೂರು ಅಂಕಿಗೆ ಅಲ್ಪವಿರಾಮ ಹಾಕುತ್ತವೆ: 30,708,540. ಇದು ಮಿಲಿಯನ್ ಲೆಕ್ಕ. ಇದನ್ನು ಹಾಗೇ ನೋಡಿಕೊಂಡು ಓದಿದರೆ ‘ಮೂವತ್ತು ಲಕ್ಷ’ ಎಂದು ಬಾಯಿ ತಪ್ಪುತ್ತದೆ, ಮೊತ್ತ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂತಹ ಸಂಖ್ಯೆ ಸಿಕ್ಕಾಗ ಇದ್ದ ಅಲ್ಪವಿರಾಮ ಎಲ್ಲ ತೆಗೆದು ಹೊಸದಾಗಿ ಹಾಕಿಕೊಳ್ಳಿ. ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ. ಒಂದು ಬಿಲಿಯನ್ ಎಂದರೆ ನೂರು ಕೋಟಿ. ಒಂದು ಟ್ರಿಲಿಯನ್ ಎಂದರೆ ಒಂದು ಲಕ್ಷ ಕೋಟಿ.

ಎರಡನೇ ಹೆಜ್ಜೆ: ತೊಂಬತ್ತೊಂಬತ್ತರವರೆಗಿನ ಪದಗಳು

ಲಕ್ಷ ಇರಲಿ, ಸಾವಿರ ಇರಲಿ, ಅದರ ಹಿಂದೆ ಬರುವುದು ಒಂದರಿಂದ ತೊಂಬತ್ತೊಂಬತ್ತರ ಒಳಗಿನ ಪದವೇ. ಹಾಗಾಗಿ ಇವು ಗಟ್ಟಿಯಾಗಿರಬೇಕು. ಬಾಯಲ್ಲಿ ಎಲ್ಲರಿಗೂ ಬರುತ್ತವೆ. ಬರೆಯುವಾಗ ಮಾತ್ರ ಕೈ ತಡೆಯುತ್ತದೆ, ಅಲ್ವಾ?

ಹತ್ತರ ನಂತರ ಹೀಗೆ: ಹನ್ನೊಂದು, ಹನ್ನೆರಡು, ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರು, ಹದಿನೇಳು, ಹದಿನೆಂಟು, ಹತ್ತೊಂಬತ್ತು. ಇದರಲ್ಲಿ ಗಮನಿಸಬೇಕಾದದ್ದು ಹತ್ತೊಂಬತ್ತು. ಅದು ‘ಹದಿ’ಯ ದಾರಿ ಹಿಡಿಯುವುದಿಲ್ಲ. ಹತ್ತು ಮತ್ತು ಒಂಬತ್ತು ನೇರವಾಗಿ ಸೇರುತ್ತವೆ.

ಹತ್ತುಗಳು ಹೀಗೆ: ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು. ಇಲ್ಲಿ ಒಂದು ಮಾತು ಹೇಳಲೇಬೇಕು. ‘ಎಂಭತ್ತು’, ‘ತೊಂಭತ್ತು’, ‘ಒಂಭತ್ತು’ ಎಂದು ಭಕಾರ ಹಾಕಿ ಬರೆಯುವವರು ತುಂಬಾ ಜನ. ಇವು ಅಚ್ಚಗನ್ನಡದ ಪದಗಳು. ಹಳಗನ್ನಡದಲ್ಲಿ ಹತ್ತಕ್ಕೆ ‘ಪತ್ತು’ ಎನ್ನುತ್ತಿದ್ದರು. ‘ಎಣ್’ ಎಂದರೆ ಎಂಟು. ಎಣ್ ಮತ್ತು ಪತ್ತು ಸೇರಿ ಎಂಬತ್ತು ಆಯಿತು. ಪಕಾರ ಬಕಾರವಾಯಿತು, ಅಷ್ಟೇ. ಭಕಾರಕ್ಕೆ ಅಲ್ಲಿ ಜಾಗವಿಲ್ಲ. ಇಪ್ಪತ್ತು, ಎಪ್ಪತ್ತುಗಳಲ್ಲಿ ಆ ಹಳೆಯ ‘ಪತ್ತು’ ಇವತ್ತಿಗೂ ಹಾಗೇ ಕಾಣುತ್ತದೆ. ‘ಎಂಭತ್ತು’ ಎಂದು ಬರೆದರೆ ಮೊತ್ತವೇನೂ ಬದಲಾಗುವುದಿಲ್ಲ, ನಿಜ. ಆದರೂ ಪದದ ಒಳಗಿನ ಲೆಕ್ಕ ಗೊತ್ತಾದ ಮೇಲೆ ಸರಿಯಾಗಿಯೇ ಬರೆಯೋಣ ಅನಿಸುತ್ತದೆ.

ನಡುವಿನ ಸಂಖ್ಯೆಗಳಿಗೆ ಒಂದು ಸುಲಭದ ಸೂತ್ರ ಇದೆ. ಒಂದು, ಎರಡು, ಐದು, ಆರು, ಏಳು, ಎಂಟು, ಒಂಬತ್ತು ಇವೆಲ್ಲ ಸ್ವರದಿಂದ ಶುರುವಾಗುತ್ತವೆ. ಹಾಗಾಗಿ ಹಿಂದಿನ ಪದದ ಕೊನೆಯ ಉಕಾರ ಬಿದ್ದು ಎರಡೂ ಕೂಡಿಕೊಳ್ಳುತ್ತವೆ. ಶಾಲೆಯಲ್ಲಿ ಕಲಿತ ಲೋಪ ಸಂಧಿ ಇದೇ. ಇಪ್ಪತ್ತೊಂದು, ಮೂವತ್ತೆರಡು, ನಲವತ್ತೈದು, ಐವತ್ತಾರು, ಅರವತ್ತೇಳು, ಎಪ್ಪತ್ತೆಂಟು, ಎಂಬತ್ತೊಂಬತ್ತು. ಉಳಿದದ್ದು ಎರಡೇ: ಮೂರು ಮತ್ತು ನಾಲ್ಕು. ಇವು ವ್ಯಂಜನದಿಂದ ಶುರುವಾಗುತ್ತವೆ, ಸಂಧಿಯಾಗುವುದಿಲ್ಲ. ಇವುಗಳ ಹಿಂದೆ ಉಕಾರದ ಬದಲು ಅಕಾರ ಬರುತ್ತದೆ: ಇಪ್ಪತ್ತಮೂರು, ಇಪ್ಪತ್ತನಾಲ್ಕು, ಮೂವತ್ತಮೂರು, ತೊಂಬತ್ತನಾಲ್ಕು. ಮಾತಿನಲ್ಲಿ ನಾವು ‘ಇಪ್ಪತ್ಮೂರು’, ‘ಇಪ್ಪತ್ನಾಲ್ಕು’ ಅನ್ನುತ್ತೇವೆ. ಕೆಲವರು ‘ಇಪ್ಪತ್ತುಮೂರು’ ಎಂದೂ ಬರೆಯುತ್ತಾರೆ. ಅರ್ಥ ಕೆಡುವುದಿಲ್ಲ. ಆದರೆ ಒಂದು ಕಾಗದದಲ್ಲಿ ಒಂದೇ ರೂಪ ಬಳಸಿ.

ಈಗ ತಪ್ಪು ಹೆಚ್ಚಾಗಿ ಎಲ್ಲಿ ಆಗುತ್ತದೆ ನೋಡಿ. ಇಪ್ಪತ್ತು ಮತ್ತು ಎಪ್ಪತ್ತು: ಒಂದು ಅಕ್ಷರದ ವ್ಯತ್ಯಾಸ, ಐವತ್ತರ ಅಂತರ. ನನ್ನ ಚೆಕ್ಕು ವಾಪಸ್ ಬಂದದ್ದು ಇದರಿಂದಲೇ. ಫೋನಿನಲ್ಲಿ ಕೇಳಿ ಬರೆದುಕೊಳ್ಳುವಾಗಲಂತೂ ಇವೆರಡೂ ಒಂದೇ ಥರ ಕೇಳಿಸುತ್ತವೆ. ಐವತ್ತು ಮತ್ತು ಅರವತ್ತು ಕೂಡ ಹಾಗೇ. ಒಂಬತ್ತು, ಎಂಬತ್ತು, ತೊಂಬತ್ತು, ಹತ್ತೊಂಬತ್ತು ಈ ನಾಲ್ಕರ ಬಾಲ ಒಂದೇ, ತಲೆ ಬೇರೆ. ಕೈಬರಹ ಸ್ವಲ್ಪ ಓರೆಯಾದರೆ ‘ನೂರು’ ಮತ್ತು ‘ಮೂರು’ ಒಂದನ್ನೊಂದು ಹೋಲುತ್ತವೆ. ಈ ಪದಗಳ ಮೊದಲ ಅಕ್ಷರವನ್ನು ನಿಧಾನವಾಗಿ, ಬಿಡಿಸಿ ಬರೆಯಿರಿ. ಫೋನಿನಲ್ಲಿ ಹೇಳುವಾಗ ‘ಎಪ್ಪತ್ತು, ಏಳು ಸೊನ್ನೆ’ ಎಂದು ಎರಡು ಸಲ ಹೇಳಿ.

ಮೂರನೇ ಹೆಜ್ಜೆ: ನೂರುಗಳು

ನೂರು, ಇನ್ನೂರು, ಮುನ್ನೂರು, ನಾನೂರು, ಐನೂರು, ಆರುನೂರು, ಏಳುನೂರು, ಎಂಟುನೂರು, ಒಂಬೈನೂರು.

‘ಎರಡು ನೂರು’, ‘ಮೂರು ನೂರು’ ಎಂದು ಬರೆದರೆ ಅರ್ಥವಾಗುತ್ತದೆ, ಆದರೆ ಅದು ಯಂತ್ರ ಬರೆದ ಕನ್ನಡದ ಹಾಗಿರುತ್ತದೆ. ಇನ್ನೂರು, ಮುನ್ನೂರು, ನಾನೂರು ಎಂದೇ ಬರೆಯಿರಿ. ಮಾತಿನ ‘ಆರ್ನೂರು’, ‘ಏಳ್ನೂರು’, ‘ಎಂಟ್ನೂರು’ ಬರಹದಲ್ಲಿ ಆರುನೂರು, ಏಳುನೂರು, ಎಂಟುನೂರು ಆಗಿರಲಿ. ಒಂಬತ್ತು ನೂರು ಎನ್ನುವುದಕ್ಕಿಂತ ಒಂಬೈನೂರು ಹೆಚ್ಚು ರೂಢಿ.

ನಾಲ್ಕನೇ ಹೆಜ್ಜೆ: ಕೊಂಡಿ

ನನ್ನ ಲೆಕ್ಕದಲ್ಲಿ ಇಡೀ ವಿಷಯದ ಜೀವ ಇರುವುದು ಇಲ್ಲಿ. ನೂರ, ಸಾವಿರದ, ಲಕ್ಷದ, ಕೋಟಿಯ ಎನ್ನುತ್ತೇವಲ್ಲ, ಆ ಸಣ್ಣ ಬದಲಾವಣೆಯೇ ಸಂಖ್ಯೆಯ ಭಾಗಗಳನ್ನು ಒಂದಕ್ಕೊಂದು ಕಟ್ಟುತ್ತದೆ.

ಸೂತ್ರ ಇಷ್ಟೇ: ಮುಂದೆ ಇನ್ನೂ ಸಂಖ್ಯೆ ಇದ್ದರೆ ಕೊಂಡಿ ಹಾಕಿ. ಮುಂದೆ ಸಂಖ್ಯೆ ಇಲ್ಲದಿದ್ದರೆ ಹಾಕಬೇಡಿ.

5,000 ಎಂದರೆ ಐದು ಸಾವಿರ. ಮುಂದೇನೂ ಇಲ್ಲ, ಕೊಂಡಿಯೂ ಇಲ್ಲ. 5,200 ಎಂದರೆ ಐದು ಸಾವಿರದ ಇನ್ನೂರು. ಸಾವಿರದ ಮುಂದೆ ಇನ್ನೂರು ಇದೆ, ಹಾಗಾಗಿ ‘ಸಾವಿರದ’. ಇನ್ನೂರರ ಮುಂದೆ ಏನಿಲ್ಲ, ಹಾಗಾಗಿ ‘ಇನ್ನೂರು’. 5,236 ಆದರೆ ಐದು ಸಾವಿರದ ಇನ್ನೂರ ಮೂವತ್ತಾರು. ಈಗ ‘ಇನ್ನೂರು’ ಹೋಗಿ ‘ಇನ್ನೂರ’ ಆಯಿತು.

ಕೊಂಡಿ ಬಿಟ್ಟರೆ ಏನಾಗುತ್ತದೆ? ‘ಸಾವಿರ ಐನೂರು’ ಎಂದು ಬರೆದರೆ ಸಾವಿರವೋ ಐನೂರೋ ಎಂಬ ಅನುಮಾನ ಹುಟ್ಟುತ್ತದೆ, ಎರಡು ಬೇರೆ ಮೊತ್ತದ ಹಾಗೆ ಕಾಣುತ್ತದೆ. ‘ಸಾವಿರದ ಐನೂರು’ ಎಂದರೆ ಒಂದೇ ಮೊತ್ತ, ಅನುಮಾನವೇ ಇಲ್ಲ. ಉಲ್ಟಾ ತಪ್ಪೂ ಇದೆ. ‘ಐದು ಸಾವಿರದ ರೂಪಾಯಿ’ ಎಂದು ಬರೆದರೆ, ಸಾವಿರದ ಮುಂದೆ ಏನೋ ಬರೆಯಲು ಮರೆತಿರಬೇಕು ಎಂದು ಓದುವವರಿಗೆ ಅನಿಸುತ್ತದೆ.

ಕೋಟಿ, ಲಕ್ಷಗಳ ನಂತರ ಕೊಂಡಿ ಬಿಡುವ ರೂಢಿಯೂ ಇದೆ. ‘ಮೂರು ಕೋಟಿ ಏಳು ಲಕ್ಷ ಎಂಟು ಸಾವಿರದ ಐನೂರ ನಲವತ್ತು’ ಎಂದು ಬರೆದರೆ ಯಾರೂ ತಪ್ಪು ಎನ್ನುವುದಿಲ್ಲ. ನಾನು ಮಾತ್ರ ‘ಮೂರು ಕೋಟಿಯ ಏಳು ಲಕ್ಷದ ಎಂಟು ಸಾವಿರದ ಐನೂರ ನಲವತ್ತು’ ಎಂದೇ ಬರೆಯುತ್ತೇನೆ. ಎಲ್ಲಾ ಕೊಂಡಿಗಳೂ ಇದ್ದಾಗ ಎಲ್ಲಿ ಮುಗಿಯಿತು ಎಂಬುದು ಸ್ಪಷ್ಟವಾಗಿರುತ್ತದೆ.

‘ನೂರ’ ಸರಿಯೋ ‘ನೂರಾ’ ಸರಿಯೋ ಎಂದು ಕೇಳುವವರಿದ್ದಾರೆ. ಎರಡೂ ಬಳಕೆಯಲ್ಲಿವೆ. ಬಿಡಿಸಿ ‘ಇನ್ನೂರ ಐವತ್ತು’ ಎಂದು ಬರೆಯಬೇಕೋ, ಕೂಡಿಸಿ ‘ಇನ್ನೂರೈವತ್ತು’ ಎಂದೋ? ಕಥೆ, ಪತ್ರಗಳಲ್ಲಿ ಯಾವುದಾದರೂ ಸರಿ. ಹಣದ ಕಾಗದದಲ್ಲಿ ಬಿಡಿಸಿ ಬರೆಯುವುದೇ ಮೇಲು, ಓದುವವರ ಕಣ್ಣು ಒಂದೊಂದು ಭಾಗವನ್ನೂ ಹಿಡಿಯುತ್ತದೆ. ಇಪ್ಪತ್ತೊಂದರಿಂದ ತೊಂಬತ್ತೊಂಬತ್ತರವರೆಗಿನ ಪದಗಳನ್ನು ಮಾತ್ರ ಒಡೆಯಬೇಡಿ. ‘ಇಪ್ಪತ್ತು ಒಂದು’ ಎಂದರೆ ಅದು ಎರಡು ಸಂಖ್ಯೆ.

ಸೊನ್ನೆ ಬಂದಾಗ ತಲೆ ಕೆಡಿಸಿಕೊಳ್ಳಬೇಡಿ. ಸೊನ್ನೆಗೆ ಪದ ಇಲ್ಲ, ದಾಟಿ ಮುಂದೆ ಹೋಗಿ. 4,05,060 ಎಂದರೆ ನಾಲ್ಕು ಲಕ್ಷದ ಐದು ಸಾವಿರದ ಅರವತ್ತು. 10,00,001 ಎಂದರೆ ಹತ್ತು ಲಕ್ಷದ ಒಂದು. ಇಲ್ಲಿ ಆಗುವ ಸಾಮಾನ್ಯ ತಪ್ಪು ಬೇರೆ: ಹಾಗೆ ದಾಟುವಾಗ ‘ಸಾವಿರ’ ಎಂಬ ಪದವನ್ನೂ ಬಿಟ್ಟುಬಿಡುವುದು. ‘ನಾಲ್ಕು ಲಕ್ಷದ ಐದು’ ಎಂದು ಬರೆದರೆ ಅದು 4,00,005. ಮಾತಿನಲ್ಲಿ ‘ಎರಡು ಲಕ್ಷದ ಐದು’ ಎಂದು ಹೇಳಿ ಎರಡು ಲಕ್ಷದ ಐದು ಸಾವಿರ ಎಂದು ಅಂದುಕೊಳ್ಳುವವರಿದ್ದಾರೆ. ಬರಹದಲ್ಲಿ ಆ ಸಲುಗೆ ಇಲ್ಲ.

ಹಣವಾದಾಗ: ರೂಪಾಯಿ, ಪೈಸೆ, ಮಾತ್ರ

‘ರೂಪಾಯಿ’ ಎಂದರೂ ಸರಿ, ‘ರೂಪಾಯಿಗಳು’ ಎಂದರೂ ಸರಿ. ಕನ್ನಡದಲ್ಲಿ ಸಂಖ್ಯೆ ಹೇಳಿದ ಮೇಲೆ ವಸ್ತುವಿಗೆ ಬಹುವಚನ ಬೇಕೇ ಬೇಕು ಎಂದೇನಿಲ್ಲ. ‘ಹತ್ತು ರೂಪಾಯಿ’ ಎಂಬುದೇ ನಮ್ಮ ಸಹಜ ಮಾತು. ಅಚ್ಚಿನ ಕಾಗದಗಳಲ್ಲಿ ‘ರೂಪಾಯಿಗಳು’ ಜಾಸ್ತಿ. ನೋಟಿನ ಹಿಂಭಾಗದಲ್ಲಿ 15 ಭಾಷೆಗಳಲ್ಲಿ ಮೊತ್ತ ಬರೆದಿರುತ್ತಾರಲ್ಲ, ಅಲ್ಲಿ ಮೇಲಿನಿಂದ ನಾಲ್ಕನೆಯದು ಕನ್ನಡ. ನೂರರ ನೋಟಿನಲ್ಲಿ ‘ನೂರು ರೂಪಾಯಿಗಳು’ ಎಂದಿದೆ.

₹ ಗುರುತು ಹಾಕಿದ ಮೇಲೆ ಮತ್ತೆ ‘ರೂಪಾಯಿ’ ಎಂದು ಬರೆಯುವುದು ಬೇಡ. ‘₹500’ ಅಥವಾ ‘500 ರೂಪಾಯಿ’, ಎರಡರಲ್ಲಿ ಒಂದು ಸಾಕು. ಈ ಗುರುತು ಬಂದದ್ದು 2010ರಲ್ಲಿ. ಅದಕ್ಕೂ ಮುಂಚಿನ ‘ರೂ.’ ಇವತ್ತಿಗೂ ನಡೆಯುತ್ತದೆ. ಅಂಕಿಯ ಕೊನೆಗೆ ‘/-’ ಹಾಕುವುದು ಪೈಸೆ ಇಲ್ಲ ಎಂದು ಹೇಳಲು, ಮತ್ತು ಮುಂದೆ ಯಾರೂ ಅಂಕಿ ಸೇರಿಸದಿರಲಿ ಎಂದು.

ಪೈಸೆ ಇದ್ದರೆ ರೂಪಾಯಿ ಮುಗಿಸಿ ಆಮೇಲೆ ಬರೆಯಿರಿ. 1,250.50 ಎಂದರೆ ‘ಒಂದು ಸಾವಿರದ ಇನ್ನೂರ ಐವತ್ತು ರೂಪಾಯಿ ಐವತ್ತು ಪೈಸೆ ಮಾತ್ರ’. ಚುಕ್ಕಿಯ ನಂತರ ಯಾವಾಗಲೂ ಎರಡು ಅಂಕಿ ಇರಲಿ. 12.5 ಎಂದು ಬರೆದಿದ್ದರೆ ಅದು ಹನ್ನೆರಡು ರೂಪಾಯಿ ಐದು ಪೈಸೆ ಅಲ್ಲ, ಐವತ್ತು ಪೈಸೆ. ಐದು ಪೈಸೆ ಆಗಬೇಕಾದರೆ 12.05 ಎಂದಿರಬೇಕು.

ಇನ್ನು ‘ಮಾತ್ರ’. ಇದನ್ನು ಅಲಂಕಾರಕ್ಕೆ ಹಾಕುವುದಿಲ್ಲ, ಇದು ಬಾಗಿಲಿಗೆ ಹಾಕುವ ಬೀಗ. ‘ಐದು ಸಾವಿರ’ ಎಂದು ಬರೆದು ಬಿಟ್ಟರೆ, ಮುಂದೆ ‘ದ ಒಂಬೈನೂರು’ ಎಂದು ಸೇರಿಸುವುದು ಎಷ್ಟು ಸುಲಭ ನೋಡಿ. ‘ಐದು ಸಾವಿರ ರೂಪಾಯಿ ಮಾತ್ರ’ ಎಂದರೆ ಆ ದಾರಿ ಮುಚ್ಚಿತು.

ಬಲಗಡೆಯನ್ನು ‘ಮಾತ್ರ’ ಕಾಯುತ್ತದೆ. ಎಡಗಡೆಯನ್ನು ನೀವೇ ಕಾಯಬೇಕು. ಸ್ವರದಿಂದ ಶುರುವಾಗುವ ಪದಗಳಿಗೆ ಸಂಧಿಯೇ ಒಂದು ರಕ್ಷಣೆ. ‘ಒಂದು ಸಾವಿರ’ವನ್ನು ‘ಇಪ್ಪತ್ತೊಂದು ಸಾವಿರ’ ಮಾಡಬೇಕಾದರೆ ‘ಒ’ ಎಂಬ ಅಕ್ಷರವನ್ನೇ ಅಳಿಸಬೇಕು, ಅದು ಕಾಣದೆ ಇರುವುದಿಲ್ಲ. ಆದರೆ ‘ಮೂರು ಸಾವಿರ’ದ ಹಿಂದೆ ‘ಹದಿ’ ಎಂದು ಬರೆದರೆ ಹದಿಮೂರು ಸಾವಿರ. ‘ನಾಲ್ಕು’ ಕೂಡ ಹಾಗೇ, ಹದಿನಾಲ್ಕು ಆಗಿಬಿಡುತ್ತದೆ. ‘ನೂರು’ ಹೇಗೆ ಐನೂರಾಗುತ್ತದೆ ಎಂದು ಆಗಲೇ ನೋಡಿದೆವು. ಆದ್ದರಿಂದ ಮೂರು, ನಾಲ್ಕು, ನೂರು ಈ ಪದಗಳಿಂದ ಮೊತ್ತ ಶುರುವಾದಾಗ ಗೆರೆಯ ಎಡ ತುದಿಗೆ ಅಂಟಿಸಿಯೇ ಬರೆಯಬೇಕು. ಬರೀ ‘ನೂರು’, ಬರೀ ‘ಸಾವಿರ’ ಎಂದು ಶುರು ಮಾಡುವ ಬದಲು ‘ಒಂದು ನೂರು’, ‘ಒಂದು ಸಾವಿರ’, ‘ಒಂದು ಲಕ್ಷ’ ಎನ್ನಿ. ‘ಒಂದು ನೂರು’ ಎಂದು ಮಾತಿನಲ್ಲಿ ಯಾರೂ ಹೇಳುವುದಿಲ್ಲ, ಗೊತ್ತು. ಆದರೆ ಹಣದ ಕಾಗದದಲ್ಲಿ ಅದು ಒಳ್ಳೆಯದು.

ಚೆಕ್ಕು ಬರೆಯುವಾಗ

ಚೆಕ್ಕನ್ನು ಕನ್ನಡದಲ್ಲೇ ಬರೆಯಬಹುದು. ಹಿಂದಿ, ಇಂಗ್ಲಿಷ್ ಅಥವಾ ಆಯಾ ರಾಜ್ಯದ ಭಾಷೆಯಲ್ಲಿ ಗ್ರಾಹಕರು ಚೆಕ್ ಬರೆಯಬಹುದು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ.

ಅಕ್ಷರದ ಸಾಲಿನ ಮೊದಲಿಗೆ ‘ರೂಪಾಯಿ’ ಎಂಬ ಪದ ಅಚ್ಚಾಗಿರುತ್ತದೆ. ಅದರ ಪಕ್ಕದಲ್ಲೇ, ಜಾಗ ಬಿಡದೆ, ಮೊತ್ತ ಶುರು ಮಾಡಿ. ಕೊನೆಗೆ ‘ಮಾತ್ರ’ ಬರೆದು, ಉಳಿದ ಜಾಗಕ್ಕೆ ಒಂದು ಗೆರೆ ಎಳೆಯಿರಿ. ಮೊತ್ತ ದೊಡ್ಡದಾಗಿ ಎರಡನೇ ಸಾಲಿಗೆ ಹೋಗುವುದಾದರೆ ಪದವನ್ನು ನಡುವೆ ಮುರಿಯಬೇಡಿ. ‘ಲಕ್ಷದ’ ಅಥವಾ ‘ಸಾವಿರದ’ ಆದ ಮೇಲೆ ಸಾಲು ಬದಲಿಸಿ. ಕೊಂಡಿ ಇರುವುದರಿಂದ ಮುಂದೆ ಇನ್ನೂ ಇದೆ ಎಂದು ಓದುವವರಿಗೆ ಗೊತ್ತಾಗುತ್ತದೆ. ಎರಡನೇ ಸಾಲನ್ನೂ ಎಡ ತುದಿಯಿಂದಲೇ ಶುರು ಮಾಡಿ.

ತಪ್ಪಾದರೆ ತಿದ್ದಬೇಡಿ. ಮೊದಲೆಲ್ಲ ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಿದರೆ ನಡೆಯುತ್ತಿತ್ತು. ಈಗ ಚೆಕ್ಕಿನ ಚಿತ್ರ ಮಾತ್ರ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಸಿಟಿಎಸ್ ವ್ಯವಸ್ಥೆ ಇದೆ. ಅದರಲ್ಲಿ ದಿನಾಂಕ ಬಿಟ್ಟು ಬೇರೆ ಏನನ್ನೂ ತಿದ್ದುವಂತಿಲ್ಲ. ಹೆಸರು, ಅಂಕಿ, ಅಕ್ಷರ ಯಾವುದು ತಪ್ಪಾದರೂ ಹೊಸ ಹಾಳೆಯೇ ಬೇಕು. ಹಾಗಾಗಿ ಮೊತ್ತ ದೊಡ್ಡದಿದ್ದರೆ ಮೊದಲು ಒಂದು ಚೀಟಿಯಲ್ಲಿ ಬರೆದು ನೋಡಿಕೊಳ್ಳಿ. ಎರಡು ನಿಮಿಷದ ಕೆಲಸ.

ಬಾಯಿಮಾತಿನ ಲೆಕ್ಕ, ಕಾಗದದ ಲೆಕ್ಕ

ಒಂದೂಕಾಲು, ಒಂದೂವರೆ, ಒಂದೂಮುಕ್ಕಾಲು ಎಂಬ ಪದಗಳು ಎಷ್ಟು ಚೆಂದ! ‘ಒಂದೂವರೆ ಲಕ್ಷ’ ಎಂದರೆ 1,50,000. ‘ಎರಡೂಕಾಲು ಲಕ್ಷ’ ಎಂದರೆ 2,25,000. ‘ಕಾಲು ಕೋಟಿ’ ಎಂದರೆ 25 ಲಕ್ಷ. ಮಾತಿನಲ್ಲಿ, ಬರಹದಲ್ಲಿ ಇವನ್ನು ಧಾರಾಳವಾಗಿ ಬಳಸಿ. ಆದರೆ ಚೆಕ್ಕು, ಕರಾರು ಪತ್ರ, ರಸೀದಿಗಳಲ್ಲಿ ಬೇಡ. ಅಲ್ಲಿ ‘ಒಂದು ಲಕ್ಷದ ಐವತ್ತು ಸಾವಿರ’ ಎಂದು ಪೂರ್ತಿ ಬರೆಯಬೇಕು.

ಐದಾರು, ಏಳೆಂಟು, ಹತ್ತಿಪ್ಪತ್ತು ಎಂಬ ಅಂದಾಜಿನ ಪದಗಳೂ ಅಷ್ಟೇ. ‘ಐದಾರು ಸಾವಿರ’ ಎಂದರೆ ಐದೋ ಆರೋ ಸಾವಿರ. ಕೈಸಾಲದ ಪತ್ರದಲ್ಲಿ ಇಂತಹ ಪದ ನುಸುಳಿದರೆ ಮುಂದೆ ಜಗಳಕ್ಕೆ ಕಾರಣವಾಗುತ್ತದೆ. ‘ಒಂದು ಇಪ್ಪತ್ತು’ ಎಂದು ಯಾರಾದರೂ ಹೇಳಿದರೆ, ಅದು ನೂರ ಇಪ್ಪತ್ತೋ, ಒಂದು ಲಕ್ಷದ ಇಪ್ಪತ್ತು ಸಾವಿರವೋ ಎಂದು ಕೇಳಿಯೇ ಬರೆದುಕೊಳ್ಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಹಣವಲ್ಲದ ಸಂಖ್ಯೆಗಳು

ಇಸವಿಗೆ ಅಲ್ಪವಿರಾಮ ಹಾಕುವುದಿಲ್ಲ. 1956 ಎಂಬುದನ್ನು ‘ಸಾವಿರದ ಒಂಬೈನೂರ ಐವತ್ತಾರು’ ಎಂದು ಬರೆಯುತ್ತೇವೆ. ‘ಹತ್ತೊಂಬತ್ತು ನೂರ ಐವತ್ತಾರು’ ಎಂಬ ರೂಢಿಯೂ ಇದೆ. ಜನ್ಮ ದಿನಾಂಕವನ್ನು ಅಕ್ಷರದಲ್ಲಿ ಕೇಳಿದರೆ ಮೊದಲ ರೂಪವೇ ಇರಲಿ. 2024 ಎಂದರೆ ಎರಡು ಸಾವಿರದ ಇಪ್ಪತ್ತನಾಲ್ಕು. ಜನರನ್ನು ಎಣಿಸುವಾಗ ಒಬ್ಬರು, ಇಬ್ಬರು, ಮೂವರು, ನಾಲ್ವರು, ಐವರು. ಅಲ್ಲಿಂದ ಮುಂದೆ ಆರು ಮಂದಿ, ಏಳು ಜನ. ‘ಎರಡು ಸಾಕ್ಷಿದಾರರು’ ಎಂದು ಕರಾರಿನಲ್ಲಿ ಬರೆಯಬೇಡಿ, ‘ಇಬ್ಬರು ಸಾಕ್ಷಿದಾರರು’ ಎನ್ನಿ. ಚುಕ್ಕಿಯ ನಂತರದ ಅಂಕಿಗಳನ್ನು ಬಿಡಿಬಿಡಿಯಾಗಿ ಓದಬೇಕು: 3.25 ಎಂದರೆ ಮೂರು ದಶಮಾಂಶ ಎರಡು ಐದು. ಖಾತೆ ಸಂಖ್ಯೆ, ಫೋನ್ ಸಂಖ್ಯೆಗಳಿಗೆ ಲಕ್ಷ, ಕೋಟಿ ಬೇಡ. ಅವುಗಳನ್ನು ಒಂದೊಂದೇ ಅಂಕಿಯಾಗಿ ಹೇಳಿದರೆ ಸಾಕು.

ಕಂಪ್ಯೂಟರ್ ಮಾಡಿಕೊಡುವುದಿಲ್ಲವೇ?

ಮಾಡಿಕೊಡುತ್ತದೆ, ಆದರೆ ನೋಡದೆ ನಂಬಬೇಡಿ. ಎಕ್ಸೆಲ್‌ನಲ್ಲಿ ಥಾಯ್ ಭಾಷೆಗೆ ‘ಬಾತ್‌ಟೆಕ್ಸ್ಟ್’ ಎಂಬ ಸಿದ್ಧ ಸೂತ್ರ ಇದೆ. ಕನ್ನಡಕ್ಕೆ ಅಂತಹದ್ದಿಲ್ಲ. ಬೇರೆಯವರು ಬರೆದಿಟ್ಟ ಪ್ರೋಗ್ರಾಂ ಬಳಸುವಾಗ ಮೂರು ಸಂಖ್ಯೆ ಕೊಟ್ಟು ಪರೀಕ್ಷಿಸಿ. 200 ಕೊಟ್ಟಾಗ ‘ಇನ್ನೂರು’ ಬರುತ್ತದೆಯೇ, ‘ಎರಡು ನೂರು’ ಬರುತ್ತದೆಯೇ? 5,000 ಕೊಟ್ಟಾಗ ‘ಸಾವಿರ’ ಬರುತ್ತದೆಯೇ, ‘ಸಾವಿರದ’ ಬರುತ್ತದೆಯೇ? 1,00,019 ಕೊಟ್ಟಾಗ ‘ಒಂದು ಲಕ್ಷದ ಹತ್ತೊಂಬತ್ತು’ ಎಂದು ಸರಿಯಾಗಿ ಬರುತ್ತದೆಯೇ?

ನೀವೇ ಪ್ರೋಗ್ರಾಂ ಬರೆಯುವವರಾದರೆ ಒಂದರಿಂದ ತೊಂಬತ್ತೊಂಬತ್ತರವರೆಗಿನ ಪದಗಳ ಪಟ್ಟಿಯನ್ನು ಕೈಯಾರೆ ಮಾಡಿಕೊಳ್ಳಿ. ಸಂಧಿಯನ್ನು ಸೂತ್ರದಿಂದ ಕಟ್ಟಲು ಹೋದರೆ ಹತ್ತೊಂಬತ್ತು, ಇಪ್ಪತ್ತಮೂರುಗಳಲ್ಲಿ ಎಡವುತ್ತದೆ. ನೂರರಿಂದ ಒಂಬೈನೂರರವರೆಗೆ ಒಂದೊಂದಕ್ಕೂ ಎರಡು ರೂಪ ಇಡಿ: ಇನ್ನೂರು ಮತ್ತು ಇನ್ನೂರ, ಹೀಗೆ. ಸಾವಿರ, ಲಕ್ಷ, ಕೋಟಿಗೂ ಎರಡೆರಡು. ಉಳಿದ ಸಂಖ್ಯೆ ಸೊನ್ನೆಯಾದರೆ ಮೊದಲ ರೂಪ, ಇಲ್ಲದಿದ್ದರೆ ಕೊಂಡಿಯ ರೂಪ.

ಕೊನೆಯ ಹೆಜ್ಜೆ: ತಿರುಗಿಸಿ ನೋಡುವುದು

ಬರೆದಾದ ಮೇಲೆ ಅಂಕಿಯನ್ನು ಕೈಯಿಂದ ಮುಚ್ಚಿ. ಅಕ್ಷರವನ್ನು ಮಾತ್ರ ಗಟ್ಟಿಯಾಗಿ ಓದುತ್ತಾ ಬೇರೆ ಚೀಟಿಯಲ್ಲಿ ಅಂಕಿ ಬರೆಯಿರಿ. ಈಗ ಕೈ ತೆಗೆದು ಎರಡನ್ನೂ ಹೋಲಿಸಿ. ಅಂಕಿ ಕಣ್ಣಿಗೆ ಬೀಳುತ್ತಿದ್ದರೆ ಮನಸ್ಸು ಅಕ್ಷರವನ್ನು ಓದುವುದಿಲ್ಲ, ಓದಿದೆ ಎಂದು ಅಂದುಕೊಳ್ಳುತ್ತದೆ. ನಮ್ಮ ಸಂಘದಲ್ಲಿ ಆ ಘಟನೆಯ ನಂತರ ಚೆಕ್ಕು ಬರೆದವರು ಒಬ್ಬರಾದರೆ, ಅಕ್ಷರವನ್ನು ಓದಿ ಅಂಕಿಗೆ ಇಳಿಸುವವರು ಇನ್ನೊಬ್ಬರು ಎಂದು ಮಾಡಿಕೊಂಡೆವು. ಎರಡೂ ತಾಳೆಯಾದ ಮೇಲೆಯೇ ಸಹಿ.